ನೀಲಿ ಇಲ್ಲದ ಅಚ್ಚು

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂರುವ ಕೆಲಸ ನನ್ನದು. ಬಸ್ಸು ಹೋಯಿತೇ ಎಂದು ಕೇಳಿದವರಿಗೆ ಹೋಯಿತು ಎನ್ನುವುದು, ಬರುತ್ತದೆಯೇ ಎಂದವರಿಗೆ ಬರುತ್ತದೆ ಎನ್ನುವುದು. ಇಷ್ಟನ್ನೇ ವರ್ಷಾನುಗಟ್ಟಲೆ ಹೇಳಿ ಹೇಳಿ ನನ್ನ ಗಂಟಲು ದೊಡ್ಡದಾಗಿದೆ, ಸಹನೆ ಸಣ್ಣದಾಗಿದೆ. ಅದಕ್ಕೇ ಆ ದಿನ ಮಗಳು ನನ್ನನ್ನು ತನ್ನ ಕಾಲೇಜಿಗೆ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಒಂದೇ ರಾಗ ಹಾಡುತ್ತಿದ್ದಳು.

"ಅಮ್ಮಾ, ಅಲ್ಲಿ ಜೋರಾಗಿ ಮಾತಾಡಬೇಡ."

"ನಾನು ಯಾವತ್ತೇ ಜೋರಾಗಿ ಮಾತಾಡಿದೀನಿ?" ಎಂದೆ. ಮುಂದಿನ ಸೀಟಿನಲ್ಲಿದ್ದವರು ಬೆಚ್ಚಿ ತಿರುಗಿ ನೋಡಿದರು.

ಅವಳು ಓದುವುದು ಚಿಕ್ಕದೊಂದು ಕಲಾ ಕಾಲೇಜಿನಲ್ಲಿ, ಶಿಲ್ಪದ ವಿಭಾಗದಲ್ಲಿ. ಸೇರಿಸುವಾಗ ನನ್ನ ತಮ್ಮ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ನಕ್ಕಿದ್ದ. ಅವನ ಬಾಯಿ ಮುಚ್ಚಿಸಿದ್ದು ಕಾಲೇಜಿನ ನೆರವು ನಿಧಿ. ಯಾರೋ ಪುಣ್ಯಾತ್ಮರು ಬಿಟ್ಟುಹೋದ ಹಣ. ಅದರಿಂದ ಎರಡು ವರ್ಷ ನನ್ನ ಮಗಳ ಫೀಸೂ, ಅವಳ ತರಗತಿಯ ಇನ್ನೊಬ್ಬ ಹುಡುಗಿಯ ಫೀಸೂ ಪೂರ್ತಿ ಮಾಫಿಯಾಗಿತ್ತು. ಈ ವರ್ಷ ಫೀಸು ಏರಿತು, ನಿಧಿ ಇಳಿಯಿತು. ಶಿಲ್ಪದವರಲ್ಲಿ ಒಬ್ಬರಿಗೆ ಮಾತ್ರ ಮಾಫಿ ಎಂದು ಬೋರ್ಡಿಗೆ ಹಾಕಿಬಿಟ್ಟರು. ಇನ್ನೊಬ್ಬರು ಪೂರ್ತಿ ಕಟ್ಟಬೇಕು. ನಾನು ಊಟ ಬಿಟ್ಟು, ಬಾಡಿಗೆ ಮನೆ ಬಿಟ್ಟು, ಆ ವಿಚಾರಣೆ ಕಿಟಕಿಯ ಹಿಂದೆಯೇ ಮಲಗಿದರೂ ಅಷ್ಟು ಹಣ ಹುಟ್ಟುವುದಿಲ್ಲ. ಮಾಫಿ ಸಿಗದಿದ್ದರೆ ಮಗಳ ಓದು ಅಲ್ಲಿಗೇ ಮುಗಿಯಿತು. ಇದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ.

ಮಧ್ಯಾಹ್ನ ಮೂರಕ್ಕೆ ನಿಧಿಯವರು ಬರುತ್ತಾರೆ, ಕೆಲಸ ನೋಡುತ್ತಾರೆ, ಅಲ್ಲೇ ತೀರ್ಮಾನ ಹೇಳುತ್ತಾರೆ. ಕೆಲಸ ಎಲ್ಲೂ ಮುಕ್ಕಾಗದೆ ಮೇಜಿನ ಮೇಲೆ ನಿಂತಿರಬೇಕು. ಜೊತೆಗೆ ಮನೆಯ ಹಿರಿಯರೊಬ್ಬರು ಹಾಜರಿರಬೇಕು. ಹಿರಿಯರು ಯಾಕಪ್ಪಾ ಎಂದರೆ, ಬಡತನ ಕಣ್ಣಾರೆ ಕಾಣಲಿ ಎಂದಿರಬೇಕು. ಬೆಳಿಗ್ಗೆ ಪೆಟ್ಟಿಗೆ ತೆರೆದುಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಒಳ್ಳೆಯ ಬಟ್ಟೆ ಹಾಕಿಕೊಂಡರೆ ಇವರಿಗೇನು ಕಡಿಮೆ ಎನ್ನುತ್ತಾರೆ, ಹಳೆಯದು ಹಾಕಿಕೊಂಡರೆ ನಾಟಕ ಎನ್ನುತ್ತಾರೆ. ಕೊನೆಗೆ ಕೆಲಸದ ಬಟ್ಟೆಯಲ್ಲೇ ಹೊರಟೆ.

ಕಾಲೇಜು ಹಿಂದೆ ಬೇಕರಿಯಾಗಿದ್ದ ಕಟ್ಟಡ. ಹಳೆಯ ಒಲೆಯ ಕೋಣೆಯೇ ಈಗ ಶಿಲ್ಪದವರ ಕೋಣೆ. ಒಲೆಯ ಬಾಯಿಗೆ ಇಟ್ಟಿಗೆ ಕಟ್ಟಿದ್ದಾರೆ, ಗೋಡೆಯ ಮೇಲಿನ ಮಸಿ ಮಾತ್ರ ಹಾಗೇ ಇದೆ. ನೆಲ, ಮೇಜು, ಕಿಟಕಿಯ ಸರಳು, ಮಕ್ಕಳ ತಲೆಗೂದಲು, ಎಲ್ಲದರ ಮೇಲೂ ಬಿಳಿ ಪುಡಿ. ಬೇಕರಿ ಮುಚ್ಚಿದರೂ ಹಿಟ್ಟು ಮನೆ ಬಿಟ್ಟಿಲ್ಲ ಎಂದುಕೊಂಡೆ. ಅದು ಹಿಟ್ಟಲ್ಲ, ಪ್ಲಾಸ್ಟರು ಎಂದು ಮಗಳು ಹೇಳಿದಳು.

ಒಳಗೆ ಆಗಲೇ ಅವಳ ಎದುರಾಳಿ ಇದ್ದಳು. ಎಲ್ಲರೂ ಅವಳನ್ನು ಗಿಣಿ ಎಂದೇ ಕರೆಯುವುದು. ನೋಡಿದರೆ ಯಾಕೆಂದು ಕೇಳಬೇಕಾಗಿಲ್ಲ; ಅವಳಿಗಿಂತ ಮೊದಲು ಅವಳ ಮೂಗು ಕೋಣೆಯೊಳಗೆ ಬರುತ್ತದೆ. ಉದ್ದ, ತುದಿಯಲ್ಲಿ ಸ್ವಲ್ಪ ಬಾಗಿದ್ದು. ಅವಳ ಜೊತೆಗೆ ಬಂದಿದ್ದವರು ಅವಳ ತಾತ, ಬೀಗ ರಿಪೇರಿ ಮಾಡುವವರು. ಸೊಂಟಕ್ಕೆ ಬೀಗದ ಕೈಗಳ ದೊಡ್ಡ ಬಳೆ ಸಿಕ್ಕಿಸಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ನಾನು ಇನ್ನೊಂದು ತುದಿಯಲ್ಲಿ ಕೂತೆ.

"ಕೂತ್ಕೊಳ್ಳಿ ತಾಯಿ," ಎಂದರು, ನಾನು ಕೂತಾದ ಮೇಲೆ.

"ಕೂತಿದೀನಲ್ಲ," ಎಂದೆ. ಅಲ್ಲಿಗೆ ನಮ್ಮ ಮಾತು ಮುಗಿಯಿತು. ಒಂದೇ ರೊಟ್ಟಿಗೆ ಕೈ ಚಾಚಿದವರು ಎಷ್ಟು ಮಾತಾಡಲು ಸಾಧ್ಯ?

ಆ ವಿಭಾಗದಲ್ಲಿ ಇಬ್ಬಿಬ್ಬರದು ಒಂದೊಂದು ಜೋಡಿ. ವರ್ಷದ ಕೊನೆಯ ಪರೀಕ್ಷೆಗೆ ಜೋಡಿಯವರು ಒಬ್ಬರ ತಲೆಯನ್ನು ಇನ್ನೊಬ್ಬರು ಪ್ಲಾಸ್ಟರಿನಲ್ಲಿ ಮಾಡಬೇಕು; ನಿಧಿಯವರು ನೋಡುವುದೂ ಅದನ್ನೇ. ಗಿಣಿ ನನ್ನ ಮಗಳ ತಲೆ ಮಾಡಿದ್ದಳು, ನನ್ನ ಮಗಳು ಗಿಣಿಯದು. ಮುಗಿಯುವ ತನಕ ಕೂತವರು ತಮ್ಮ ತಲೆಯನ್ನು ನೋಡುವಂತಿಲ್ಲ. ನೋಡಿದರೆ ಮುಖ ಬದಲಾಯಿಸಿಕೊಂಡು ಕೂರುತ್ತಾರಂತೆ. ಗಿಣಿಯ ಕೆಲಸ ಹಿಂದಿನ ದಿನವೇ ಅಚ್ಚಿನಿಂದ ಹೊರಬಂದು ಮೇಜಿನ ಮೇಲಿತ್ತು. ನಾನು ಎದ್ದು ಹೋಗಿ ನೋಡಿದೆ, ನೋಡಿದವಳು ಅಲ್ಲೇ ನಿಂತುಬಿಟ್ಟೆ.

ನನ್ನ ಮಗಳೇ. ಹುಬ್ಬು, ಗಲ್ಲ, ತುಟಿಯ ಬಿಗಿ, ಎಲ್ಲ ಅವಳದೇ. ಆದರೆ ಎಡಗೆನ್ನೆ ನುಣ್ಣಗಿತ್ತು. ಚಿಕ್ಕವಳಿದ್ದಾಗ ಕುದಿಯುವ ನೀರು ಸಿಡಿದು ಅವಳ ಎಡಗೆನ್ನೆಯ ಮೇಲೆ ಸುಕ್ಕುಗಟ್ಟಿದ ಗುರುತೊಂದು ಉಳಿದಿದೆ. ಯಾರಾದರೂ ಫೋಟೋ ತೆಗೆಯುವಾಗ ಅವಳ ಕೂದಲನ್ನು ಆ ಕಡೆಗೆ ಎಳೆದು ಬಿಡುವುದು ನನ್ನ ಅಭ್ಯಾಸ. ಈ ತಲೆಯಲ್ಲಿ ಆ ಗುರುತೇ ಇಲ್ಲ. ನೀರು ಸಿಡಿಯದೇ ಇದ್ದಿದ್ದರೆ ನನ್ನ ಮಗಳು ಹೀಗಿರುತ್ತಿದ್ದಳು ಎನ್ನಿಸಿತು.

"ಎಷ್ಟು ಚೆನ್ನಾಗಿ ಮಾಡಿದಾಳೆ ಅಲ್ವಾ?" ಎಂದು ಮಗಳಿಗೆ ಮೆಲ್ಲಗೆ ಕೇಳಿದೆ.

"ಹ್ಞೂಂ, ಚೆನ್ನಾಗಿದೆ," ಎಂದಳು ಅವಳು, ಬೇರೆ ಕಡೆ ನೋಡುತ್ತ. ಎದುರಾಳಿಯ ಕೆಲಸವನ್ನು ಹೊಗಳಿದ್ದಕ್ಕೆ ಮುನಿಸು ಎಂದುಕೊಂಡು ಸುಮ್ಮನಾದೆ.

ಮಗಳ ಕೆಲಸ ಇನ್ನೂ ಅಚ್ಚಿನೊಳಗೇ ಇತ್ತು. ಮರದ ಹಲಗೆಯ ಮೇಲೆ ಕುಂಬಳಕಾಯಿ ಗಾತ್ರದ ಬಿಳಿ ಮುದ್ದೆ. ಇದರೊಳಗೆ ತಲೆ ಇದೆ ಎಂದರೆ ನಂಬಲೇಬೇಕು, ಬೇರೆ ದಾರಿಯಿಲ್ಲ.

ಶಿಲ್ಪದ ಮೇಷ್ಟ್ರು ಬಂದರು. ಕೈಯೆಲ್ಲ ಬಿರುಕು ಬಿಟ್ಟ, ಮೆಲುಮಾತಿನ ಮನುಷ್ಯ. ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, ಪಕ್ಕದಲ್ಲಿ ನಿಂತು ಬಿಡಿಸಿ ಹೇಳಿದರು. ಮೊದಲು ಜೇಡಿಮಣ್ಣಿನಲ್ಲಿ ತಲೆ ಮಾಡುತ್ತಾರೆ. ಅದರ ಮೇಲೆ ಪ್ಲಾಸ್ಟರು ಎರಚಿ ಅಚ್ಚು ತೆಗೆಯುತ್ತಾರೆ. ಆಮೇಲೆ ಒಳಗಿನ ಮಣ್ಣನ್ನೆಲ್ಲ ಕಿತ್ತು ಹಾಕಿ, ಅಂಟಿಕೊಳ್ಳದಂತೆ ಅಚ್ಚಿನ ಒಳಮೈಗೆ ಸಾಬೂನು ಬಳಿದು, ಆ ಖಾಲಿ ಜಾಗಕ್ಕೆ ಮತ್ತೆ ಪ್ಲಾಸ್ಟರು ತುಂಬುತ್ತಾರೆ. ಅದು ಗಟ್ಟಿಯಾದ ಮೇಲೆ ಹೊರಗಿನ ಅಚ್ಚನ್ನು ಉಳಿಯಿಂದ ಚೂರು ಚೂರೇ ಒಡೆದು ತೆಗೆದರೆ ಒಳಗಿನ ತಲೆ ಹೊರಬರುತ್ತದೆ.

"ಮಣ್ಣಿನದು ಹೋಯ್ತು ಅಂದ್ರೆ, ಒಳಗಿರೋದು ಒಂದೇನಾ?" ಎಂದೆ.

"ಒಂದೇ ಅಮ್ಮ. ಅದು ಹೋದ್ರೆ ಹೋದ ಹಾಗೆ."

"ಮತ್ತೆ ಒಳಗೂ ಬಿಳಿ, ಹೊರಗೂ ಬಿಳಿ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗೋದು ಹೇಗೆ?"

ಮೇಷ್ಟ್ರಿಗೆ ಪ್ರಶ್ನೆ ಹಿಡಿಸಿತು. "ಅದಕ್ಕೇ ಅಚ್ಚಿನ ಮೊದಲನೇ ಪದರಕ್ಕೆ ನೀಲಿ ಕಲಸ್ತೀವಿ. ಬಟ್ಟೆಗೆ ಹಾಕೋ ನೀಲಿನೇ. ಮಣ್ಣಿಗೆ ತಾಗೋ ಪದರ ನೀಲಿ, ಅದರ ಮೇಲೆ ದಪ್ಪಗೆ ಬಿಳಿ. ಒಡೀತಾ ಹೋದಾಗ ನೀಲಿ ಕಾಣಿಸ್ತು ಅಂದ್ರೆ ಹುಷಾರಾಗಬೇಕು, ಒಳಗೆ ಚರ್ಮ ಇದೆ ಅಂತ."

ಇಷ್ಟೆಲ್ಲ ಸರಿ. ಆದರೆ ಅಚ್ಚಿನ ಮುಂದೆ ಉಳಿ, ಮರದ ಕೊಡತಿ ಹಿಡಿದು ಕೂತದ್ದು ನನ್ನ ಮಗಳಲ್ಲ, ಗಿಣಿ. ಮಗಳ ತೋಳು ಹಿಡಿದು ಎಳೆದೆ.

"ಇದೇನೇ? ನಿನ್ನದನ್ನ ಅವಳು ಯಾಕೆ ಒಡೀತಾಳೆ?"

"ಇಲ್ಲಿ ಹಾಗೇ ಅಮ್ಮಾ. ತನ್ನ ಅಚ್ಚನ್ನ ತಾನೇ ಒಡೆಯೋ ಹಾಗಿಲ್ಲ. ಮಾಡಿದವರಿಗೆ ನೋಡೋ ಆತುರ ಇರುತ್ತೆ, ಕೈ ನಿಲ್ಲಲ್ಲ, ಕೆಡಿಸ್ತಾರೆ. ಅದಕ್ಕೇ ಜೋಡಿಯವರು ಒಡೀಬೇಕು. ನಿನ್ನೆ ಅವಳದನ್ನ ನಾನೇ ಒಡೆದು ಕೊಟ್ಟೆ."

ಬೇರೆ ದಿನವಾಗಿದ್ದರೆ ಚೆಂದದ ಪದ್ಧತಿ ಎನ್ನುತ್ತಿದ್ದೆ. ಆ ದಿನ ಮಾಫಿ ಒಂದೇ ಇತ್ತು. ಗಿಣಿಯ ಕೆಲಸ ಮೇಜಿನ ಮೇಲೆ ಸುಖವಾಗಿ ನಿಂತಿತ್ತು. ನನ್ನ ಮಗಳ ಎರಡು ವರ್ಷ, ಮುಂದಿನ ಎರಡು ವರ್ಷ, ಎಲ್ಲ ಆ ಬಿಳಿ ಮುದ್ದೆಯೊಳಗೆ. ಉಳಿ ಒಂದು ಸಲ ಜಾರಿದರೆ ಸಾಕು, ಗಿಣಿಗೆ ಬೇರೇನೂ ಮಾಡಬೇಕಾಗಿಲ್ಲ. ಜಾರಿತು ಎಂದರೆ ಯಾರು ಅಲ್ಲ ಎನ್ನುತ್ತಾರೆ? ನಾನು ನಾಲಿಗೆ ಕಚ್ಚಿಕೊಂಡು ಬೆಂಚಿಗೆ ಮರಳಿದೆ.

ಗಿಣಿ ನೆತ್ತಿಯಿಂದ ಶುರುಮಾಡಿದಳು. ಟಕ್ ಟಕ್ ಎಂದು ಸಣ್ಣ ಪೆಟ್ಟು. ಚಕ್ಕೆಗಳು ಹಲಗೆಯ ಮೇಲೆ ಬೀಳತೊಡಗಿದವು. ಬಿಳಿ, ಬಿಳಿ, ಮತ್ತೆ ಬಿಳಿ. ಅವಳ ಪೆಟ್ಟು ನಿಧಾನವಾಯಿತು, ಆಮೇಲೆ ನಿಂತಿತು. ಬಗ್ಗಿ ತಗ್ಗಿನೊಳಗೆ ಊದಿ ನೋಡಿದಳು.

"ನೀಲಿ ಎಲ್ಲೇ?" ಎಂದಳು.

ನನ್ನ ಮಗಳು ಉಗುರಿಗಂಟಿದ ಪ್ಲಾಸ್ಟರು ಕೆರೆಯತೊಡಗಿದಳು.

"ಇಷ್ಟೊತ್ತಿಗೆ ಕಾಣಿಸಬೇಕಿತ್ತು. ಎಷ್ಟು ದಪ್ಪ ಹಾಕಿದೀಯ?"

"ನೀಲಿ ಇಲ್ಲ," ಎಂದಳು ಮಗಳು.

ಮೇಷ್ಟ್ರು ಕಿಟಕಿಯ ಹತ್ತಿರದಿಂದ ಓಡಿ ಬಂದರು. "ಇಲ್ಲ ಅಂದ್ರೆ?"

ಮಗಳು ನೆಲ ನೋಡುತ್ತ ಹೇಳಿದಳು. "ಬಕೆಟ್‌ಗೆ ಪ್ಲಾಸ್ಟರ್ ಹಾಕಿ, ನೀಲಿ ತರೋಕೆ ಏಳ್ತಿದ್ದೆ ಸರ್. ಅಷ್ಟರಲ್ಲಿ ಆಫೀಸಿಂದ ಬಂದ್ರು. ಮಾಫಿ ಬೇಕಾದ್ರೆ ಈಗಲೇ ಬಂದು ಸಹಿ ಹಾಕು, ಸಾಹೇಬರು ಹೊರಡ್ತಿದಾರೆ ಅಂದ್ರು. ಕೆಲಸ ಮುಗಿಸಿ ಬರ್ತೀನಿ ಅಂದೆ, ಕೇಳಲಿಲ್ಲ. ನಾನು ಹೋಗಿ ಬರೋಷ್ಟರಲ್ಲಿ ಬಕೆಟ್ ಕಲ್ಲಾಗಿರ್ತಿತ್ತು. ಇನ್ನೊಂದು ಚೀಲ ಎಲ್ಲಿಂದ ತರ್ಲಿ? ಅವರನ್ನ ಬಾಗಿಲಲ್ಲೇ ನಿಲ್ಲಿಸಿ ಹಾಗೇ ಎರಚಿಬಿಟ್ಟೆ. ಬರೀ ಬಿಳಿ."

ನನಗೆ ಮೈಯೆಲ್ಲ ಉರಿಯಿತು. ಫೀಸು ಕಟ್ಟಿದ ಮಕ್ಕಳನ್ನು ಯಾರೂ ಕೆಲಸದ ನಡುವೆ ಎಬ್ಬಿಸುವುದಿಲ್ಲ. ಮಾಫಿಯ ಮಕ್ಕಳು ಮಾತ್ರ ಕರೆದ ತಕ್ಷಣ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದು ಇದಕ್ಕೇ.

"ಮೊದಲೇ ಹೇಳೋದಲ್ವಾ?" ಎಂದರು ಮೇಷ್ಟ್ರು.

"ಹೇಳಿದ್ರೆ ಏನ್ ಮಾಡ್ತಿದ್ರಿ ಸರ್?"

ನಿಧಿಯವರು ನೋಡುವ ಕೆಲಸಕ್ಕೆ ಮೇಷ್ಟ್ರು ಕೈ ಹಚ್ಚುವಂತಿರಲಿಲ್ಲ. ಗೋಡೆಯ ಗಡಿಯಾರ ನೋಡಿದರು. ಇನ್ನು ಬೇರೆ ಮಾಡುವ ಮಾತಿಲ್ಲ. ಒಡೆಯಬೇಕು, ಇಲ್ಲವೇ ಮುದ್ದೆಯನ್ನೇ ತೋರಿಸಬೇಕು.

ಗಿಣಿ ಮತ್ತೆ ಉಳಿ ಎತ್ತಿದಳು. ಅಷ್ಟೊತ್ತು ಹಿಡಿದಿಟ್ಟ ನನ್ನ ನಾಲಿಗೆ ಅಲ್ಲಿ ಹಿಡಿತ ತಪ್ಪಿತು.

"ಮೇಷ್ಟ್ರೇ, ಇದೆಂಥ ನ್ಯಾಯ?" ವಿಚಾರಣೆ ಕಿಟಕಿಯ ದನಿಯೇ ಬಂತು. "ಕುರಿ ಕಾಯೋಕೆ ತೋಳನನ್ನ ಬಿಟ್ಟ ಹಾಗಾಯ್ತಲ್ಲ! ನನ್ನ ಮಗಳದ್ದು ಒಡೆದುಹೋದ್ರೆ ಮಾಫಿ ಯಾರಿಗೆ ಸಿಗುತ್ತೆ? ಆ ಉಳಿ ಹಿಡಿದೋಳಿಗೇ ತಾನೇ? ನೀಲಿನೂ ಇಲ್ಲ, ಸಾಕ್ಷಿನೂ ಇಲ್ಲ. ಅವಳ ಕೈಯಿಂದ ಅದನ್ನ ಕಿತ್ಕೊಳ್ಳಿ ಮೊದಲು!"

ಬಣ್ಣದ ವಿಭಾಗದ ಮಕ್ಕಳು ಬಾಗಿಲಲ್ಲಿ ತಲೆ ತೂರಿಸಿದರು. ತಾತನ ಸೊಂಟದ ಬೀಗದ ಕೈಗಳು ಒಮ್ಮೆ ಝಣಕ್ಕೆಂದು ಸುಮ್ಮನಾದವು.

"ತಾಯಿ, ನನ್ನ ಮೊಮ್ಮಗಳು ಅಂಥೋಳಲ್ಲ..." ಎಂದು ಶುರುಮಾಡಿ ಅವರು ಅಲ್ಲಿಗೇ ನಿಲ್ಲಿಸಿದರು. ಅವರಿಗೂ ಆ ಮಾಫಿ ಬೇಕಿತ್ತು. ಅಂಥವಳಲ್ಲ ಎಂದು ಆಣೆ ಮಾಡುವ ಧೈರ್ಯ ಆ ಹೊತ್ತಿಗೆ ಅವರಿಗೂ ಇರಲಿಲ್ಲವೇನೋ.

ಗಿಣಿ ತಲೆ ಎತ್ತಲಿಲ್ಲ. ಉಳಿಯನ್ನು ನನ್ನ ಮಗಳ ಕಡೆ ಚಾಚಿದಳು. "ಬೇಕಾದ್ರೆ ನೀನೇ ಒಡಿ. ನಾನೇನೂ ಅನ್ಕೊಳ್ಳಲ್ಲ."

ಮಗಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ನನ್ನ ಕೈ ನಿಲ್ಲಲ್ಲ. ನೀನೇ ಮಾಡೇ. ಅಮ್ಮಾ, ನೀನು ಹೊರಗೆ ಹೋಗು."

ನಾನು ಹೋಗಲಿಲ್ಲ. ಕೊಂದರೂ ಹೋಗುತ್ತಿರಲಿಲ್ಲ.

ಆಮೇಲೆ ಗಿಣಿ ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಕೊಡತಿಯನ್ನು ಪಕ್ಕಕ್ಕಿಟ್ಟು, ಉಳಿಯನ್ನು ಬಲಗೈಯಲ್ಲೇ ಒತ್ತಿ ಕೆರೆಯತೊಡಗಿದಳು. ಎಡಗೈ ಅವಳ ಸ್ವಂತ ಮುಖದ ಮೇಲಿತ್ತು. ಹಣೆ ಮುಟ್ಟಿಕೊಳ್ಳುವಳು, ಅಚ್ಚಿನ ಮೇಲೆ ಅದೇ ಜಾಗ ಹುಡುಕುವಳು, ಅಲ್ಲಿ ಒಂದು ಚಕ್ಕೆ ಎಬ್ಬಿಸುವಳು. ಹುಬ್ಬಿನ ಉಬ್ಬು ಮುಟ್ಟಿಕೊಳ್ಳುವಳು, ಕಣ್ಣು ಮುಚ್ಚಿ ಒಂದು ಕ್ಷಣ ಕೂರುವಳು, ಮತ್ತೆ ಕೆರೆಯುವಳು. ಒಳಗಿದ್ದದ್ದು ಅವಳದೇ ತಲೆ ತಾನೇ. ನೀಲಿ ಹೇಳಬೇಕಾದ್ದನ್ನು ಅವಳ ಮುಖವೇ ಹೇಳುತ್ತಿತ್ತು.

"ಗಲ್ಲ ಎತ್ತಿದೀಯಾ, ತಗ್ಗಿಸಿದೀಯಾ?" ಎಂದು ಕೇಳುವಳು.

"ಸ್ವಲ್ಪ ಎತ್ತಿದೆ," ಎಂದು ನನ್ನ ಮಗಳು ಹೇಳುವಳು.

"ಕಿವಿ?"

"ಎಡಗಡೆದು ಕೂದಲಲ್ಲಿ ಮುಚ್ಚಿದೆ. ಬಲಗಡೆದು ಹೊರಗಿದೆ, ನೋಡ್ಕೋ."

ಒಮ್ಮೆ ದೊಡ್ಡದೊಂದು ತುಂಡು ಕಳಚಿ ದಪ್ಪೆಂದು ಬಿತ್ತು. ನಾನು ಅಯ್ಯೋ ಎಂದು ಕೂಗಿದೆ. ತಾತನೂ ಕೂಗಿದರು. ಅದು ಬರೀ ಅಚ್ಚು; ಕೆಳಗೆ ಕಿವಿ ಮುಕ್ಕಾಗದೆ ನೆಟ್ಟಗಿತ್ತು. ತಾತ ಹಣೆ ಒರೆಸಿಕೊಂಡರು. ನನ್ನ ಮಗಳು ಮಾಡಿದ ತಲೆ ಉಳಿಯಿತೆಂದು ಈ ಮನುಷ್ಯ ಯಾಕೆ ಉಸಿರು ಬಿಟ್ಟ ಎಂದು ನನಗೆ ಆಗ ಅರ್ಥವಾಗಲಿಲ್ಲ. ಅದು ಅವರ ಮೊಮ್ಮಗಳ ತಲೆಯೂ ಆಗಿತ್ತಲ್ಲ.

ಹಣೆ ಬಂತು, ಕಣ್ಣು ಬಂತು, ಗಲ್ಲ ಬಂತು, ಕೆನ್ನೆಗಳು ಬಂದವು. ನಟ್ಟನಡುವೆ ಮೂಗಿನ ಜಾಗದಲ್ಲಿ ಮಾತ್ರ ಬಿಳಿ ಗಡ್ಡೆಯೊಂದು ಉಳಿಯಿತು. ಅಲ್ಲಿ ಗಿಣಿ ನಿಂತಳು. ತನ್ನ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಅಳೆದಳು, ಗಡ್ಡೆಯ ಮೇಲೆ ಉಳಿಯ ಮೊನೆಯಿಟ್ಟಳು, ಒತ್ತಲಿಲ್ಲ.

"ಒಂದು ಮಾತು ಕೇಳ್ತೀನಿ, ನಿಜ ಹೇಳು," ಎಂದಳು. "ನನ್ನ ಮೂಗನ್ನ ಇದ್ದ ಹಾಗೇ ಮಾಡಿದೀಯಾ, ಇಲ್ಲ ಚಿಕ್ಕದು ಮಾಡಿದೀಯಾ?"

ನನ್ನ ಮಗಳ ಮುಖದಿಂದ ರಕ್ತ ಇಳಿದುಹೋಯಿತು. ಹೆತ್ತವಳಿಗೆ ಅಷ್ಟು ಗೊತ್ತಾಗುತ್ತದೆ. ಚಿಕ್ಕದು ಮಾಡಿದ್ದರೆ ಹೇಳಲು ಕಷ್ಟವೇನಿತ್ತು? ಇದ್ದ ಹಾಗೆ ಮಾಡಿದ್ದರೆ ಯೋಚನೆ ಯಾಕೆ? ಹಾಗಾದರೆ ಇದ್ದದ್ದಕ್ಕಿಂತ ಹೆಚ್ಚೇ ಮಾಡಿರಬೇಕು. ಹುಟ್ಟಿದಾಗಿನಿಂದ ಮೂಗಿನ ಹೆಸರಲ್ಲಿ ಗಿಣಿ ಎನ್ನಿಸಿಕೊಂಡವಳು, ಕೈಯಲ್ಲಿ ಉಳಿ ಹಿಡಿದಿದ್ದಾಳೆ, ಸ್ವಲ್ಪ ಹೊತ್ತಿನ ಹಿಂದೆ ನನ್ನ ಬಾಯಿಂದ ತೋಳ ಎನ್ನಿಸಿಕೊಂಡಿದ್ದಾಳೆ. ಇದ್ದ ಹಾಗೇ ಮಾಡಿದೀನಿ ಅನ್ನೇ, ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಆದರೆ ಹಾಗೆಂದರೆ ಅವಳು ಇದ್ದಷ್ಟೇ ಬಿಟ್ಟು ಉಳಿ ಒತ್ತುತ್ತಾಳೆ, ತುದಿ ಹಾರಿಹೋಗುತ್ತದೆ. ಸುಳ್ಳು ಹೇಳಿದರೂ ಕೆಟ್ಟಿತು, ನಿಜ ಹೇಳಿದರೂ ಕೆಟ್ಟಿತು.

"ಉದ್ದ ಮಾಡಿದೀನಿ," ಎಂದಳು ಮಗಳು.

"ಏನು?"

"ಇರೋದಕ್ಕಿಂತ ಉದ್ದ. ಒಂದು ಬೆರಳಿನಷ್ಟಿಲ್ಲ, ಆದ್ರೂ ಉದ್ದ. ನಿನ್ನನ್ನ ನೋಡಿದಾಗ ಮೊದಲು ಕಾಣೋದು ಅದೇ ಕಣೇ. ಕಡಿಮೆ ಮಾಡಿದ್ರೆ ಅದು ನೀನಾಗ್ತಿರ್ಲಿಲ್ಲ. ಇದ್ದ ಹಾಗೇ ಮಾಡಿದ್ರೂ ಸಾಲ್ತಿರ್ಲಿಲ್ಲ."

ಬಾಗಿಲಲ್ಲಿದ್ದ ಮಕ್ಕಳಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಗಿಣಿಯ ಕಿವಿ ಕೆಂಪಾಯಿತು. ಅವಳು ಮೇಜಿನ ಮೇಲಿದ್ದ ತನ್ನ ಕೆಲಸವನ್ನು ನೋಡಿದಳು, ನನ್ನ ಮಗಳ ಮುಖ ನೋಡಿದಳು, ಮತ್ತೆ ಕೆಲಸವನ್ನು ನೋಡಿದಳು. ಉಳಿಯ ಮೊನೆ ಗಡ್ಡೆಯ ಮೇಲೇ ಇತ್ತು. ಒಂದು ಸಲ ಒತ್ತಿದರೆ ಮುಗಿಯಿತು ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಅವಳು ಮೊನೆಯನ್ನು ಎತ್ತಿ ಸ್ವಲ್ಪ ಹೊರಗೆ ಸರಿಸಿ ಇಟ್ಟಳು. ಸೊಕ್ಕಿನ ಮೂಗಿಗೆ ಬೇಕಾದಷ್ಟು ಜಾಗ ಬಿಟ್ಟಳು. ಮೆಲ್ಲಗೆ ತಿರುವಿದಳು. ಗಡ್ಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಂತು. ಉಗುರಿನಿಂದ ಎಬ್ಬಿಸಿದಳು. ಅಚ್ಚು ಎರಡು ಹೋಳಾಗಿ ಅವಳ ಮಡಿಲಿಗೆ ಬಿತ್ತು.

ಮೂಗು ನಿಂತಿತ್ತು. ತುದಿಯ ಬಾಗು ಸಮೇತ, ಪೂರ್ತಿ.

ಅಷ್ಟು ಉದ್ದದ ಮೂಗನ್ನು ನೋಡಿ ನಗು ಬರಬೇಕಿತ್ತು, ನನಗೆ ಅಳು ಬಂತು. ಆ ತಲೆ ಗಿಣಿಗಿಂತ ಹೆಚ್ಚು ಗಿಣಿಯಾಗಿತ್ತು. ಗಲ್ಲ ಎತ್ತಿಕೊಂಡು, ಮೂಗು ಮುಂದೆ ಮಾಡಿಕೊಂಡು, ಯಾರು ಏನೆಂದರೂ ನಾನು ಇರುವುದೇ ಹೀಗೆ ಎನ್ನುವಂತೆ ನೋಡುತ್ತಿತ್ತು. ತಾತ ಎದ್ದು ಬಂದು ಅದರ ಮುಂದೆ ನಿಂತರು.

"ಇವಳ ಅಜ್ಜಿ," ಎಂದರು. "ಸಾಕ್ಷಾತ್ ಇವಳ ಅಜ್ಜಿನೇ."

ನಿಧಿಯವರು ಮೂವರು ಬಂದರು. ಅವರಲ್ಲಿ ಹಿರಿಯವರು ಕನ್ನಡಕದ ಹೆಂಗಸು, ಕೆಟ್ಟವರಲ್ಲ. ಗಿಣಿ ಮಾಡಿದ ತಲೆಯ ಸುತ್ತ ಒಂದು ಸುತ್ತು ಬಂದು, "ಕೈ ತುಂಬ ನಯವಾಗಿದೆ," ಎಂದರು. ಆಮೇಲೆ ಯಾರ ತಲೆ ಎಂದು ಕೇಳಿ ನನ್ನ ಮಗಳ ಕಡೆ ತಿರುಗಿದರು. ಅವರ ಕಣ್ಣು ಎಡಗೆನ್ನೆಯ ಮೇಲೆ ನಿಂತಿತು. ಮತ್ತೆ ಮೇಜಿನ ತಲೆಯನ್ನು ನೋಡಿದರು. ಸಭ್ಯ ಹೆಂಗಸು, ಏನೂ ಹೇಳಲಿಲ್ಲ. ಇನ್ನೊಂದು ತಲೆಯ ಮುಂದೆ ಹೋದಾಗ ಮಾತ್ರ ಮೂವರೂ ಬೇಗ ಕದಲಲಿಲ್ಲ. ನನ್ನನ್ನು ಕೆಲಸ, ಸಂಬಳ, ಮನೆ ಎಂದು ಏನೇನೋ ಕೇಳಿದರು. ಏನು ಉತ್ತರಿಸಿದೆನೋ ನೆನಪಿಲ್ಲ.

ಮಾಫಿ ನನ್ನ ಮಗಳಿಗೆ ಸಿಕ್ಕಿತು.

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ? ಮೊದಲು ಬಂದದ್ದು ಸಂತೋಷವೇ, ಉಳಿದದ್ದೆಲ್ಲ ಆಮೇಲೆ ಬಂತು. ಗಿಣಿ ನನ್ನ ಮಗಳನ್ನು ತಬ್ಬಿಕೊಂಡಳು. ನನ್ನ ಮಗಳು ಮರದ ಹಾಗೆ ನಿಂತಿದ್ದಳು. ತಾತ ಆಫೀಸಿನವರ ಹತ್ತಿರ ಹೋಗಿ, ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳಿದರು. ಮೊದಲ ಕಂತೇ ಎಷ್ಟೆಂದು ಅವರು ಹೇಳಿದ ಮೇಲೆ, "ಸರಿ ಸರಿ, ಉಪಕಾರವಾಯ್ತು," ಎಂದು ಕೈ ಮುಗಿದು ಹೊರಬಂದರು.

ಹಿತ್ತಲಿನ ನಲ್ಲಿಯ ಹತ್ತಿರ ಗಿಣಿ ಕೈ ತೊಳೆಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ನಾನು ಆಗ ಹಾಗಂದಿದ್ದು..." ಎಂದೆ.

"ಬಿಡಿ ಆಂಟಿ. ನೀವು ಅಂದಿದ್ದೇನೂ ಸುಳ್ಳಲ್ಲ." ಅವಳು ನಲ್ಲಿ ನಿಲ್ಲಿಸಿದಳು. "ಮೂಗಿನ ಹತ್ರ ಬಂದಾಗ ನನಗೂ ಅನ್ನಿಸ್ತು. ಒತ್ತಿಬಿಡೋಣ ಅಂತ."

"ಮತ್ತೆ ಯಾಕೆ ಒತ್ತಲಿಲ್ಲ?"

ಅವಳು ಒದ್ದೆ ಕೈಯಿಂದ ಮೂಗು ಒರೆಸಿಕೊಂಡಳು. ಅದರ ಮೇಲೆ ಇನ್ನೂ ಬಿಳಿ ಪುಡಿ ಇತ್ತು. "ಅವಳು ನಿಜ ಹೇಳಿದಳಲ್ಲ ಆಂಟಿ. ನಾನು ಅವಳ ಕೆನ್ನೆ ಮಾಡುವಾಗ ಎಷ್ಟೋ ದಿನ ಕೂತು ಯೋಚಿಸಿದ್ದೆ. ಆ ಗುರುತು ಹಾಕಿದ್ರೆ ನೋಡಿ ನೊಂದ್ಕೊಳ್ತಾಳೇನೋ ಅಂತ ಬಿಟ್ಟುಬಿಟ್ಟೆ. ನಿಮಗೂ ಬೇಜಾರಾಗುತ್ತೆ ಅನ್ನಿಸ್ತು. ನೀವು ಫೋಟೋದಲ್ಲಿ ಅದನ್ನ ಮುಚ್ಚಿಸ್ತೀರ ಅಂತ ಅವಳು ಒಂದು ಸಲ ಹೇಳಿದ್ದಳು."

ನಾನು ನಲ್ಲಿಯ ಕಟ್ಟೆ ಹಿಡಿದುಕೊಂಡೆ.

ಹೊರಡುವಾಗ ಅವಳು ತಾನು ಮಾಡಿದ ತಲೆಯನ್ನು ಹಳೆಯ ಗೋಣಿಯಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟಳು. ಗೆದ್ದ ಕೆಲಸ ಕಾಲೇಜಿಗೆ ಸೇರುತ್ತದೆ, ಫೀಸು ಕಟ್ಟುವ ಕಿಟಕಿಯ ಪಕ್ಕದಲ್ಲಿ ಇಡುತ್ತಾರೆ. ಸೋತದ್ದು ಮಾಡಿದವರಿಗೇ. "ತಾತನ ಅಂಗಡೀಲಿ ಬೀಗ ಇಡೋಕೇ ಜಾಗ ಇಲ್ಲ," ಎಂದು ನಕ್ಕಳು. "ನೀವೇ ಇಟ್ಕೊಳ್ಳಿ ಆಂಟಿ. ನಿಮಗೆ ಇಷ್ಟ ಆಯ್ತಲ್ಲ." ಬಂದ ಕೂಡಲೇ ನಾನು ಮೆಲ್ಲಗೆ ಆಡಿದ ಮಾತೂ ಅವಳಿಗೆ ಕೇಳಿಸಿತ್ತು. ನನ್ನ ಮೆಲುದನಿಯೇ ಅಷ್ಟು.

ವಾಪಸ್ ಬರುವ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಕೂತಳು, ನಾನು ಈಚೆ ಕೂತೆ, ತಲೆ ನನ್ನ ಮಡಿಲಲ್ಲಿ. ಗೋಣಿ ಜಾರಿ ಮುಖ ಹೊರಗೆ ಬಂದಿತ್ತು. ಕಂಡಕ್ಟರ್ ನನ್ನ ಪರಿಚಯದವನೇ. "ಅಕ್ಕಾ, ಇವರಿಗೂ ಟಿಕೆಟ್ ತಗೋಬೇಕಾಗುತ್ತೆ," ಎಂದು ಹಲ್ಲು ಬಿಟ್ಟ. ಬೇರೆ ದಿನವಾಗಿದ್ದರೆ ಅವನಿಗೆ ಬಡ್ಡಿ ಸಮೇತ ಉತ್ತರ ಕೊಡುತ್ತಿದ್ದೆ.

ಬಸ್ಸು ತಿರುವಿನಲ್ಲಿ ವಾಲಿತು. ಹತ್ತಿದವರು ಆ ತಲೆಯನ್ನು ನೋಡುತ್ತಿದ್ದರು. ನನ್ನ ಕೈ ನನಗರಿವಿಲ್ಲದೆ ಅದರ ಎಡಗೆನ್ನೆಯ ಮೇಲೆ ಹೋಗಿ ಮುಚ್ಚಿಕೊಂಡಿತು. ಇಷ್ಟು ವರ್ಷದ ಅಭ್ಯಾಸ. ಬೆರಳಿಗೆ ಅಲ್ಲಿ ಸುಕ್ಕು ಸಿಗಲಿಲ್ಲ. ಮುಚ್ಚಲು ಅಲ್ಲಿ ಏನೂ ಇರಲಿಲ್ಲ. ನನ್ನ ಈ ಅಭ್ಯಾಸಕ್ಕೆ ಮರ್ಯಾದೆ ಕೊಟ್ಟು ಆ ಹುಡುಗಿ ತನ್ನ ಓದನ್ನೇ ಕಳೆದುಕೊಂಡಿದ್ದಳು.

ಕೈ ತೆಗೆದೆ. ಪಕ್ಕಕ್ಕೆ ತಿರುಗಿ ಮಗಳ ಕೂದಲನ್ನು ಕೆನ್ನೆಯಿಂದ ಸರಿಸಿ ಕಿವಿಯ ಹಿಂದೆ ಸಿಕ್ಕಿಸಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು, ಕೂದಲನ್ನು ಹಾಗೇ ಬಿಟ್ಟಳು.